ಗಣಿತ ಕಿಟ್: ಬೀರುವಿನಿಂದ ಮಕ್ಕಳ ಕೈಗೆ

52ರಲ್ಲಿ 27ನ್ನು ಕಳೆಯಲು ಹೇಳಿದಾಗ ಐದನೇ ತರಗತಿಯ ಕೆಲವು ಮಕ್ಕಳು 35 ಎಂದು ಬರೆಯುವುದುಂಟು. ಇದು ಅಜಾಗರೂಕತೆಯಿಂದಾದ ತಪ್ಪಲ್ಲ. 2ರಲ್ಲಿ 7 ಹೋಗದೆಂದು ಕಂಡ ಮಗು ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರುತ್ತದೆ. 52ರಲ್ಲಿರುವ 5 ಎಂದರೆ ಐದು ಹತ್ತುಗಳು ಎಂಬ ಅರಿವು ಆ ಮಗುವಿಗೆ ಇನ್ನೂ ಮೂಡಿಲ್ಲ. ಈ ಅರಿವಿಲ್ಲದೆ ಮುಂದಿನ ತರಗತಿಗೆ ಹೋದ ಮಗುವಿಗೆ ಭಾಗಾಕಾರ, ದಶಮಾಂಶ, ಶೇಕಡಾವಾರು ಎಲ್ಲವೂ ಕಂಠಪಾಠವಾಗಿಯೇ ಉಳಿಯುತ್ತವೆ.

ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಶಾಲಾ ಶಿಕ್ಷಣ ಇಲಾಖೆಯು ಅಕ್ಷರ ಫೌಂಡೇಶನ್ ಸಹಯೋಗದಲ್ಲಿ 'ಗಣಿತ ಕಲಿಕಾ ಆಂದೋಲನ'ವನ್ನು ಜಾರಿಗೆ ತಂದಿತು. ಸರ್ಕಾರಿ ಪ್ರಾಥಮಿಕ ಶಾಲೆಗಳ 4 ಮತ್ತು 5ನೇ ತರಗತಿಗಳಿಗಾಗಿ ರೂಪಿಸಲಾದ ಇದರ ಕಿಟ್‌ನಲ್ಲಿ ಮಣಿಕಟ್ಟು, ಬಿಡಿ-ಹತ್ತು-ನೂರನ್ನು ತೋರಿಸುವ ಬ್ಲಾಕ್‌ಗಳು, ಭಿನ್ನರಾಶಿ ಪಟ್ಟಿಗಳು, ಗಡಿಯಾರ, ಆಟದ ನೋಟು-ನಾಣ್ಯಗಳು, ತಕ್ಕಡಿ, ಅಳತೆ ಟೇಪು ಮೊದಲಾದ ಕಲಿಕೋಪಕರಣಗಳಿವೆ.

ಇವುಗಳ ಬಳಕೆ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲು ಮಗು ವಸ್ತುವನ್ನು ಕೈಯಾರೆ ಜೋಡಿಸುತ್ತದೆ. ಅನಂತರ ಅದರ ಚಿತ್ರ ಬರೆಯುತ್ತದೆ. ಕೊನೆಗೆ ಅಂಕಿಗಳಲ್ಲಿ ಲೆಕ್ಕ ಮಾಡುತ್ತದೆ. ಮೇಲಿನ ಲೆಕ್ಕದಲ್ಲಿ ಮಗು ಐದು ಹತ್ತರ ಕೋಲುಗಳನ್ನೂ ಎರಡು ಬಿಡಿಗಳನ್ನೂ ಇಡುತ್ತದೆ. ಏಳು ಬಿಡಿಗಳನ್ನು ತೆಗೆಯಲು ಸಾಲದಾದಾಗ ಒಂದು ಕೋಲನ್ನು ಕೊಟ್ಟು ಹತ್ತು ಬಿಡಿಗಳನ್ನು ಪಡೆಯುತ್ತದೆ. ಈಗಿರುವ ಹನ್ನೆರಡು ಬಿಡಿಗಳಲ್ಲಿ ಏಳನ್ನು, ಉಳಿದ ನಾಲ್ಕು ಕೋಲುಗಳಲ್ಲಿ ಎರಡನ್ನು ತೆಗೆದರೆ 25 ಉಳಿಯುತ್ತದೆ. ದಶಕ ಸಹಿತ ವ್ಯವಕಲನ ಎಂದರೆ ಈ ವಿನಿಮಯವೇ ಎಂಬುದು ಆಗ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಅಂತೆಯೇ, 2ಕ್ಕಿಂತ 4 ದೊಡ್ಡದಾದ್ದರಿಂದ ಅರ್ಧಕ್ಕಿಂತ ಕಾಲು ದೊಡ್ಡದೆಂದು ಭಾವಿಸಿದ ಮಗು, ಎರಡೂ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ.

ಜಾಲಹಳ್ಳಿ ಸೇರಿದಂತೆ ದೇವದುರ್ಗ ತಾಲ್ಲೂಕಿನ ಗ್ರಾಮಗಳಿಗೆ ಈ ವಿಧಾನ ಇನ್ನೊಂದು ಕಾರಣಕ್ಕೂ ಅಗತ್ಯ. ತಂದೆ-ತಾಯಿಯೊಡನೆ ಗುಳೆ ಹೋಗುವ ಅಥವಾ ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆ ತಪ್ಪಿಸುವ ಮಗು ಮರಳಿ ಬಂದಾಗ ಪಾಠ ಬಹಳ ಮುಂದೆ ಹೋಗಿರುತ್ತದೆ. ಕಪ್ಪು ಹಲಗೆಯ ಲೆಕ್ಕವಷ್ಟೇ ಎದುರಿಗಿದ್ದರೆ ಅಂತಹ ಮಗು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತು, ಕ್ರಮೇಣ ಶಾಲೆಯನ್ನೇ ಬಿಡುವ ಸಂಭವವಿದೆ. ಕಿಟ್ ಇದ್ದಲ್ಲಿ ಗುಂಪಿನಲ್ಲಿ ಕುಳಿತು, ತನಗೆ ತಿಳಿದ ಹಂತದಿಂದಲೇ ಮತ್ತೆ ಆರಂಭಿಸಲು ಅವಕಾಶ ದೊರೆಯುತ್ತದೆ.

ಆದರೆ ಕಿಟ್ ಪೂರೈಕೆಯಾದ ಮಾತ್ರಕ್ಕೆ ಕಲಿಕೆಯಾಗದು. ವಸ್ತುಗಳು ಕಳೆದಾವೆಂಬ ಅಂಜಿಕೆಯಿಂದ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ದಾಸ್ತಾನು ವಹಿ ಸರಿಯಿರುತ್ತದೆ, ಲೆಕ್ಕ ಮಾತ್ರ ಬರುವುದಿಲ್ಲ. ಇಲ್ಲಿಯೇ ಗ್ರಾಮ ಪಂಚಾಯತಿಯ ಪಾತ್ರವಿದೆ. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವೂ ಒಂದು. ಆದ್ದರಿಂದ ಸದಸ್ಯರು ಈ ಕೆಳಗಿನ ಅಂಶಗಳತ್ತ ಗಮನ ಹರಿಸುವುದು ಸೂಕ್ತ:

1. ಶಾಲಾ ಭೇಟಿಯಲ್ಲಿ 'ಕಿಟ್ ಇದೆಯೇ' ಎಂದು ಕೇಳುವುದರ ಬದಲು 'ಈ ವಾರ ಯಾವ ಪಾಠಕ್ಕೆ ಬಳಸಲಾಯಿತು' ಎಂದು ವಿಚಾರಿಸುವುದು. ಸಾಧ್ಯವಾದರೆ ಮಕ್ಕಳಿಂದಲೇ ಒಂದು ಲೆಕ್ಕವನ್ನು ಮಾಡಿಸಿ ನೋಡುವುದು.

2. ಕಳೆದ ಅಥವಾ ಮುರಿದ ವಸ್ತುಗಳಿಗಾಗಿ ಶಿಕ್ಷಕರನ್ನು ದೂಷಿಸದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಅವುಗಳ ಪಟ್ಟಿ ಮಾಡಿಸುವುದು. ಹೊಸದು ಬರುವವರೆಗೆ ಹುಣಸೆ ಬೀಜಗಳು ಬಿಡಿಗಳಾಗಿಯೂ, ಹತ್ತು ಕಡ್ಡಿಗಳ ಕಟ್ಟು ದಶಕವಾಗಿಯೂ ಸಲ್ಲುತ್ತವೆ.

3. ಗ್ರಾಮ ಪಂಚಾಯತಿ ಮಟ್ಟದಲ್ಲಿ 4, 5 ಮತ್ತು 6ನೇ ತರಗತಿಯ ಮಕ್ಕಳಿಗೆ ಗಣಿತ ಸ್ಪರ್ಧೆ ನಡೆದಾಗ ಬಹುಮಾನ ವಿತರಣೆಗಷ್ಟೇ ತೃಪ್ತರಾಗದೆ, ಹೆಚ್ಚು ಮಕ್ಕಳು ತಪ್ಪಿದ ಪ್ರಶ್ನೆ ಯಾವುದೆಂದು ಮುಖ್ಯ ಶಿಕ್ಷಕರು ಹಾಗೂ ಪೋಷಕರೊಡನೆ ಚರ್ಚಿಸುವುದು.

4. ಗುಳೆಯಿಂದ ಮರಳಿದ ಮಕ್ಕಳ ಹೆಸರುಗಳನ್ನು ಶಾಲೆಗೆ ತಿಳಿಸಿ, ಅವರಿಗೆ ಸಂಜೆಯ ವೇಳೆ ಅರಿವು ಕೇಂದ್ರದಲ್ಲಿ ಗಣಿತ ಆಟಗಳಿಗೆ ಸ್ಥಳಾವಕಾಶ ಕಲ್ಪಿಸುವುದು.

ಇವುಗಳಲ್ಲಿ ಹೆಚ್ಚಿನವು ಅನುದಾನಕ್ಕಾಗಿ ಕಾಯುವ ಕೆಲಸಗಳಲ್ಲ. ಹೊಸದಾಗಿದ್ದು ಮಿರುಗುವ ಕಿಟ್‌ಗಿಂತ, ಮಕ್ಕಳ ಕೈಯಲ್ಲಿ ಬಳಕೆಯಾಗಿ ಸವೆದ ಕಿಟ್ ಊರಿಗೆ ಹೆಚ್ಚಿನ ಲಾಭ ತಂದಿದೆ ಎಂದೇ ತಿಳಿಯಬೇಕು.