ಮುಕ್ಕಾಲು ಕಾರಿನ ಪತ್ತೆ

ಮೂರು ಗಾಲಿಯ ಗಾಡಿಯ ಬಗ್ಗೆ ಪುಣೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮನುಷ್ಯ ಎಳೆಯುವ ರಿಕ್ಷಾ ಹೋಗಿ ಇಂಜಿನ್ ಎಳೆಯುವ ರಿಕ್ಷಾ ಬರಬೇಕೆಂದು ಹಟ ಹಿಡಿದವರು ಇಲ್ಲಿನ ನವಲಮಲ್ ಫಿರೋದಿಯಾ. ಇಟಲಿಯ ಪಿಯಾಜಿಯೋ ಕಂಪನಿಯ ಮೂರು ಗಾಲಿಯ ಸಾಮಾನು ಗಾಡಿಯ ಮಾದರಿಯಲ್ಲಿ ಅವರು 1948ರಲ್ಲಿ, ಆಗ ಮುಂಬಯಿ ಪ್ರಾಂತದ ಗೃಹಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿಯವರಿಗೆ ಆಟೋರಿಕ್ಷಾ ತೋರಿಸಿದರು. ಹತ್ತು ವರ್ಷದ ಮೇಲೆ, 1958ರಲ್ಲಿ, ಜರ್ಮನಿಯ ವಿಡಾಲ್ ಕಂಪನಿಯ ಜೊತೆಗೂಡಿ ಬಜಾಜ್ ಟೆಂಪೋ ಹುಟ್ಟಿತು. ಅದರ ಹಾನ್ಸಿಯಾಟ್ ಎಂಬ ಮೂರು ಗಾಲಿಯ ಗಾಡಿಯನ್ನು ನಮ್ಮ ಹಿರಿಯರು ಹೆಸರು ಹಿಡಿದು ಕರೆಯಲೇ ಇಲ್ಲ, ಬರೇ ‘ಟೆಂಪೋ’ ಅಂದರು. ಒಂದು ಕಂಪನಿಯ ಹೆಸರು ಇಡೀ ದೇಶದಲ್ಲಿ ಒಂದು ಜಾತಿಯ ಗಾಡಿಗೇ ಹೆಸರಾಗಿ ಕೂತಿತು.

ಹಾಗಿದ್ದೂ ಒಂದು ಮೂರು ಗಾಲಿಯ ಗಾಡಿ ನಮ್ಮಲ್ಲಿ ಕೆಲವರ ತಲೆಯನ್ನು ಮೂರು ವಾರ ತಿಂದಿತು. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಬಳಗದ ಹುಡುಗನೊಬ್ಬ ಮನೆಯ ಆಲ್ಬಮ್ಮಿನಿಂದ ಒಂದು ಫೋಟೋ ತಂದಿದ್ದ. ಅಂಗೈಯಗಲದ ಕಪ್ಪು-ಬಿಳುಪು ಚಿತ್ರ, ಅಂಚು ಕತ್ತರಿ ಹಲ್ಲಿನಂತೆ ಕೊರೆದದ್ದು. ಹೆಂಚಿನ ಮನೆಯ ಮುಂದೆ ಪುಟ್ಟದೊಂದು ಕಾರು: ಮುಂದೆ ಒಂದು ಗಾಲಿ, ಹಿಂದೆ ಎರಡು, ಮೇಲೆ ಕ್ಯಾನ್ವಾಸಿನ ಟಪ್ಪು. ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತ ಧೋತರದ ಯುವಕ. ಪಕ್ಕದಲ್ಲಿ ಒರಗಿಸಿಟ್ಟ ಛತ್ರಿಯಂಥದ್ದೇನೋ. ನಂಬರ್ ಪ್ಲೇಟನ್ನು ಧೋತರದ ಚುಂಗು ಅರ್ಧ ಮುಚ್ಚಿದೆ. ಫೋಟೋದ ಹಿಂದೆ ಒಂದಕ್ಷರವೂ ಇಲ್ಲ. (ನಮ್ಮ ಮನೆಗಳ ಆಲ್ಬಮ್ಮುಗಳ ಹಾಡೇ ಇದು!)

“ಕಾಕಾ, ಇದು ಯಾವ ಮೇಕ್?” ಎಂದು ಕೇಳಿದವನ ಹತ್ತಿರ ಉತ್ತರವೂ ತಯಾರಿತ್ತು. ಅವನ ಮೊಬೈಲಿಗೆ ಫೋಟೋ ತೋರಿಸಿದರೆ ಅದು ಒಮ್ಮೆ ಇಂಗ್ಲೆಂಡಿನ ರಿಲಯಂಟ್ ಎಂದಿತ್ತು, ಇನ್ನೊಮ್ಮೆ ಜರ್ಮನಿಯ ಮೆಸ್ಸರ್‌ಸ್ಮಿಟ್ ಎಂದಿತ್ತು. ಹುಡುಗನಿಗೆ ಮೆಸ್ಸರ್‌ಸ್ಮಿಟ್ ಹಿಡಿಸಿತ್ತು. ಮನೆತನದಲ್ಲಿ ಒಂದು ಕಾಲಕ್ಕೆ ವಿದೇಶಿ ಕಾರು ಇತ್ತು ಅಂದರೆ ಯಾರಿಗೆ ಹಿಡಿಸುವುದಿಲ್ಲ?

ಇಂಥ ಪತ್ತೆಯಲ್ಲಿ ಮೊದಲು ಹೆಸರನ್ನು ಮರೆಯಬೇಕು, ಗಾಲಿಯನ್ನು ನೋಡಬೇಕು. ಒಂಟಿ ಗಾಲಿ ಮುಂದಿದೆಯೋ ಹಿಂದಿದೆಯೋ? 1950ರ ದಶಕದ ಮೆಸ್ಸರ್‌ಸ್ಮಿಟ್‌ಗೆ ಮುಂದೆ ಎರಡು, ಹಿಂದೆ ಒಂದು. 1909ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ, ಅಲ್ಲಿನ ಶಾಲೆಯೊಂದರ ವರ್ಕ್‌ಶಾಪಿನಲ್ಲಿ ತಯಾರಾದ ಮೊದಲ ಮಾರ್ಗನ್‌ಗೂ ಹಾಗೆಯೇ. ಅಲ್ಲಿಗೆ ಮೆಸ್ಸರ್‌ಸ್ಮಿಟ್ ಕಥೆ ಒಂದೇ ನೋಟಕ್ಕೆ ಮುಗಿಯಿತು. ರಿಲಯಂಟ್, ನಮ್ಮ ರಿಕ್ಷಾ, ಹಾನ್ಸಿಯಾಟ್ ಇವಕ್ಕೆಲ್ಲ ಒಂಟಿ ಗಾಲಿ ಮುಂದೆ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೋಟಾರು ಗಾಡಿಯೂ ಇದೇ ತರಹದ್ದು. ಮುಂದಿನ ಎರಡು ಗಾಲಿಗಳನ್ನು ಸರಿಯಾಗಿ ತಿರುಗಿಸುವ ಉಪಾಯ ಆಗಿನ್ನೂ ಅವನಿಗೆ ಕೈಗೆ ಸಿಕ್ಕಿರಲಿಲ್ಲ, ಒಂದೇ ಗಾಲಿ ಇಟ್ಟ.

ಯಾವುದು ಒಳ್ಳೆಯದು ಎಂದರೆ, ಓಡಿಸುವವನಿಗೆ ಮುಂದೆ ಎರಡು ಇರುವುದೇ ಕ್ಷೇಮ. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೂ ಹೊರಮಗ್ಗುಲಿಗೂ ಓಡುತ್ತದೆ. ಒಂಟಿ ಗಾಲಿ ಮುಂದಿದ್ದರೆ ಸರಿಯಾಗಿ ಆ ಮೂಲೆಯಲ್ಲೇ ಆಸರೆ ಇರುವುದಿಲ್ಲ. ಅವಸರದ ರಿಕ್ಷಾದಲ್ಲಿ ಕೂತು ತಿರುವಿನಲ್ಲಿ ದೇವರ ನೆನಪಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮನೆಯಲ್ಲೇ ಗಾಡಿ ಕಟ್ಟುವವನಿಗೆ ಒಂಟಿ ಗಾಲಿ ಮುಂದಿರುವುದೇ ಸುಲಭ. ಹಳೆಯ ಸ್ಕೂಟರಿನ ಮುಂಭಾಗವನ್ನು ಹ್ಯಾಂಡಲ್ ಸಮೇತ ತಂದು ಬೆಸೆದರೆ ಅರ್ಧ ಕೆಲಸ ಮುಗಿದಂತೆ.

ಉಳಿದದ್ದು ರಿಲಯಂಟ್. ಇಂಗ್ಲೆಂಡಿನಲ್ಲಿ ಹಗುರವಾದ ಮೂರು ಗಾಲಿಯ ಗಾಡಿಗೆ ಕಾರಿನ ತೆರಿಗೆಯಲ್ಲ, ಮೋಟಾರ್ ಸೈಕಲಿನ ತೆರಿಗೆ. ಆ ರಿಯಾಯಿತಿಯ ನೆರಳಲ್ಲಿ ರಿಲಯಂಟ್ ದಶಕಗಟ್ಟಲೆ ಬದುಕಿತು. ಅದಕ್ಕೂ ನಮ್ಮ ಬೆಂಗಳೂರಿಗೂ ನಂಟಿದೆ ಎಂಬುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಾರದು. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಎಂಬ ಕಂಪನಿ ‘ಬಾದಲ್’ ಎಂಬ ಮೂರು ಗಾಲಿಯ ಕಾರು ಮಾಡಿತು. 198 ಸಿ.ಸಿ.ಯ ಸ್ಕೂಟರ್ ಜಾತಿಯ ಇಂಜಿನ್ ಹಿಂದೆ, ಮೈಯೆಲ್ಲ ಫೈಬರ್ ಗ್ಲಾಸ್. ಚೆಂದದ ಕಾರು ಎಂದು ಅದನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ, ಆದರೆ ಕರ್ನಾಟಕದಲ್ಲಿ ಹುಟ್ಟಿದ ಕಾರು! ಅದೇ ಕಂಪನಿ ಮುಂದೆ ಸಿಪಾನಿ ಎಂದು ಹೆಸರಾಗಿ, ರಿಲಯಂಟ್ ಕಂಪನಿಯ ಕಿಟನ್ ಕಾರನ್ನು 1982ರಿಂದ ‘ಡಾಲ್ಫಿನ್’ ಎಂಬ ಹೆಸರಿನಲ್ಲಿ ಮಾಡಿತು. ಅದಕ್ಕೆ ನಾಲ್ಕು ಗಾಲಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಇಂಥ ಸಣ್ಣವರ ಆಟ ಬಹಳ ದಿನ ನಡೆಯಲಿಲ್ಲ.

ಹಾಗಾದರೆ ಫೋಟೋದ್ದು ಬಾದಲ್ಲೇ? ನಮಗೂ ಕ್ಷಣಕಾಲ ಆಸೆಯಾಯಿತು. ಭೂತಗನ್ನಡಿ ಹಿಡಿದು ನೋಡಿದಾಗ ಆಸೆ ಕರಗಿತು. ಫೈಬರ್ ಗ್ಲಾಸನ್ನು ಅಚ್ಚಿಗೆ ಹಾಕಿ ತೆಗೆಯುತ್ತಾರೆ, ಆದ್ದರಿಂದ ಮೈ ಗುಂಡಗುಂಡಗೆ, ರಿವೆಟ್ಟಿನ ಸಾಲು ಇರುವುದಿಲ್ಲ. ಈ ಗಾಡಿಯ ಮೂತಿಯ ತುಂಬ ರಿವೆಟ್. ಇನ್ನೂ ಒಂದು ಗುರುತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಒಂದು ಕಾಗದ ತೆಗೆದುಕೊಂಡು ಸುರುಳಿ ಸುತ್ತಬಹುದು, ಆದರೆ ಅದೇ ಕಾಗದದಲ್ಲಿ ಸುಕ್ಕಿಲ್ಲದೆ ಬೋಗುಣಿ ಮಾಡಲಾಗುವುದಿಲ್ಲ. ತಗಡಿನದೂ ಅದೇ ಗುಣ. ಕಾರ್ಖಾನೆಯ ದೊಡ್ಡ ಪ್ರೆಸ್ಸು ತಗಡನ್ನು ಬೋಗುಣಿಯಂತೆ ಎರಡೂ ಕಡೆಗೆ ಬಾಗಿಸುತ್ತದೆ. ಮನೆಯಲ್ಲಿ ಕಟ್ಟುವವನು ಪೈಪಿನ ಮೇಲೆ ಇಟ್ಟು ಒಂದು ಕಡೆಗೆ ಮಾತ್ರ ಬಾಗಿಸಬಲ್ಲ. ಈ ಕಾರಿನ ಪ್ರತಿಯೊಂದು ತಗಡೂ ಒಂದೇ ಕಡೆಗೆ ಬಾಗಿದೆ. ಅಂದರೆ ಇದಕ್ಕೆ ಮೇಕೂ ಇಲ್ಲ, ಮಾಡೆಲ್ಲೂ ಇಲ್ಲ. ಯಾರೋ ಕೈಯಿಂದ ಮಾಡಿದ್ದು.

ಕೈಯಿಂದ ಮಾಡಿದ ಕಾರು ಎಂದ ಕೂಡಲೇ ನಮ್ಮ ಕಡೆಯ ಹಿರಿಯರೊಬ್ಬರು “ಹಾಗಾದರೆ ಮೀರಾ” ಅಂದರು. ಅಲ್ಲ, ಮೀರಾ ನಾಲ್ಕು ಗಾಲಿಯದು. ಆದರೂ ಆ ಹೆಸರನ್ನು ಸುಮ್ಮನೆ ದಾಟಿ ಹೋಗುವುದು ತಪ್ಪಾದೀತು. ನಿಪ್ಪಾಣಿಯಿಂದ ದೂರವೇನಲ್ಲದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು, ಶಾಲೆ ಹೆಚ್ಚು ಓದದವರು, 1949ರಲ್ಲಿ ಎರಡು ಸೀಟಿನ ಪುಟ್ಟ ಕಾರು ಮಾಡಿದರು. ಅದನ್ನೇ ತಿದ್ದುತ್ತ ತೀಡುತ್ತ 1970ರ ದಶಕದವರೆಗೆ ಒಂದರ ಮೇಲೊಂದು ಮಾದರಿ ಕಟ್ಟಿದರು. ಇಂಜಿನ್ ಹಿಂದೆ, ಸ್ಪ್ರಿಂಗಿನ ಬದಲು ರಬ್ಬರ್, ಬೆಲೆ ಸುಮಾರು 12,000 ರೂಪಾಯಿಗೆ ಕೊಡುವ ಲೆಕ್ಕ. ಲೈಸೆನ್ಸು-ಪರವಾನಗಿಗಳ ಆ ಕಾಲದಲ್ಲಿ ಕಾರ್ಖಾನೆ ಏಳಲೇ ಇಲ್ಲ. ಬಾದಲ್‌ಗಿಂತ ಮೀರಾ ನನಗೆ ದೊಡ್ಡದಾಗಿ ಕಾಣುತ್ತದೆ, ಯಾರು ಏನೇ ಅನ್ನಲಿ.

ನಮ್ಮ ಫೋಟೋಕ್ಕೆ ಬರೋಣ. ಮುಂದಿನ ಗಾಲಿಯನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆಸಿದೆವು. ವೆಸ್ಪಾ ಜಾತಿಯ ಸ್ಕೂಟರಿನಲ್ಲಿ ಮುಂದಿನ ಗಾಲಿಯನ್ನು ಒಂದೇ ಮಗ್ಗುಲಿನಿಂದ ಹಿಡಿದಿರುತ್ತಾರೆ, ವಿಮಾನದ ಗಾಲಿಯ ಹಾಗೆ. ಲ್ಯಾಂಬ್ರೆಟಾದಲ್ಲಿ ಎರಡೂ ಮಗ್ಗುಲಿಗೆ ಕಾಲು. ಇಲ್ಲಿ ಎರಡೂ ಕಡೆ ಇತ್ತು. ಲ್ಯಾಂಬ್ರೆಟಾ ನಮ್ಮಲ್ಲಿಗೆ ಬಂದದ್ದು ಮುಂಬಯಿಯ ಎ.ಪಿ.ಐ. ಕಂಪನಿಯ ಮೂಲಕ, 1950ರ ದಶಕದಲ್ಲಿ. ಧೋತರದ ಚುಂಗಿನ ಪಕ್ಕದಲ್ಲಿ ನಂಬರ್ ಪ್ಲೇಟಿನ ಮೊದಲ ಎರಡು ಅಕ್ಷರ ಕಂಡವು: ‘ಎಂ.ವೈ.’ ಈಗಿನ ಕೆ.ಎ. ಬರುವ ಮೊದಲು, ಸಿ.ಎ. ಮತ್ತು ಎಂ.ಇ.ಗಳಿಗೂ ಮೊದಲು, ಮೈಸೂರು ರಾಜ್ಯದ ಗಾಡಿಗಳ ಗುರುತು ಅದು. ಅಲ್ಲಿಗೆ ಫೋಟೋ ಪುಣೆಯದಲ್ಲ ಎಂದಾಯಿತು.

ನಾನಾ ಪೇಟೆಯ ಬಿಡಿಭಾಗಗಳ ಓಣಿಯಲ್ಲಿ ಲ್ಯಾಂಬ್ರೆಟಾ ಬಿಚ್ಚಿ ಕಟ್ಟಿ ಮುದುಕರಾದ ಮಿಸ್ತ್ರಿಯೊಬ್ಬರಿದ್ದಾರೆ. ಅವರ ಮುಂದೆ ಪ್ರಿಂಟ್ ಇಟ್ಟೆವು. ಒಂದು ನಿಮಿಷ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಪಾಯಾಚಾ ಬ್ರೇಕ್ ಕುಠೇ ಆಹೇ?” ಕಾಲಿನ ಬ್ರೇಕ್ ಎಲ್ಲಿದೆ? ಲ್ಯಾಂಬ್ರೆಟಾದ ಹಿಂದಿನ ಬ್ರೇಕು ಕಾಲಿನದು. ಇಲ್ಲಿ ಪೆಡಲ್ ಇಲ್ಲ, ಸೀಟಿನ ಪಕ್ಕ ಮೊಣಕೈ ಎತ್ತರದ ಒಂದು ಕಬ್ಬಿಣದ ಸಳಿ ನಿಂತಿದೆ. ಕಿಕ್ ಹೊಡೆಯುವ ಜಾಗದಲ್ಲೂ ಕೈಯಿಂದ ಎಳೆಯುವಂಥ ಇನ್ನೊಂದು ಸಳಿ. ಎಲ್ಲವೂ ಕೈಗೆ ಸಿಗುವಂತೆ ಇಟ್ಟಿದ್ದಾರೆ, ಕಾಲಿಗೆ ಏನೂ ಕೆಲಸವಿಲ್ಲ. ನಾವೆಲ್ಲ ಕಾರನ್ನೇ ನೋಡುತ್ತ ಮೂರು ವಾರ ಕಳೆದಿದ್ದೆವು. ಆಗ ಒರಗಿಸಿಟ್ಟ ಛತ್ರಿಯನ್ನು ನೋಡಿದೆವು. ಅದು ಛತ್ರಿಯಲ್ಲ, ಊರುಗೋಲು.

ಹುಡುಗ ಅಜ್ಜಿಯ ಹತ್ತಿರ ಹೋದ. ಮೊದಲೇ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೋಗಿದ್ದ. ಆದರೆ “ಅಜ್ಜಿ, ಇದು ಯಾವ ಕಾರು?” ಎಂದು ಕೇಳಿದ್ದ, ಅದೂ ಅರ್ಧ ಇಂಗ್ಲಿಷಿನಲ್ಲಿ. “ಕಾರು ನಮಗೆಲ್ಲಿ ಬರಬೇಕು ತಮ್ಮಾ” ಎಂದು ಅವರು ಕೈಯಾಡಿಸಿಬಿಟ್ಟಿದ್ದರು. ಈ ಸಲ ಕೋಲನ್ನು ತೋರಿಸಿ “ಇದು ಯಾರದು ಅಜ್ಜಿ?” ಅಂದ.

“ಅಯ್ಯ, ಇವ ನಮ್ಮ ಅಣ್ಣ ಅಲ್ಲೇನೋ! ಪಾನಶೇತ್ ಒಡದ ಮರುವರ್ಷ ನಾ ತವರಿಗೆ ಹೋದಾಗ ತಗದದ್ದು. ಅದು ಕಾರಲ್ಲ, ಮುಕ್ಕಾಲ್ ಕಾರು!”

ಪಾನಶೇತ್ ಅಣೆಕಟ್ಟು ಒಡೆದು ಪುಣೆಗೆ ನೀರು ನುಗ್ಗಿದ್ದು 1961ರ ಜುಲೈ 12ರಂದು. ಹಾಗಾಗಿ ಫೋಟೋ 1962ರದು, ಊರು ಹುಬ್ಬಳ್ಳಿ. ಅಣ್ಣನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಒಂದು ಕಾಲು ಬತ್ತಿತ್ತು. ಕೆಲಸವೇನೋ ಸಿಕ್ಕಿತ್ತು, ಆದರೆ ಮನೆಯಿಂದ ದೂರ. ಸೈಕಲ್ ತುಳಿಯಲಾಗದು, ದಿನಾ ಟಾಂಗಾಕ್ಕೆ ಕೊಡಲು ಹಣವಿಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಗೆಳೆಯರಿಬ್ಬರು ಎಲ್ಲಿಯೋ ಬಿದ್ದು ಜಖಂ ಆದ ಲ್ಯಾಂಬ್ರೆಟಾ ಹುಡುಕಿ ತಂದರು, ಭಾನುವಾರಗಳಲ್ಲಿ ಕೂತು ಇದನ್ನು ಕಟ್ಟಿದರು. ಪ್ಲೇಟಿನ ನಂಬರು ಆ ಸ್ಕೂಟರಿನದೇ ಇದ್ದೀತು. ಓಣಿಯ ಹುಡುಗರು ಅಣ್ಣನನ್ನು ‘ಮುಕ್ಕಾಲು’ ಎಂದು ಆಡಿಕೊಳ್ಳುತ್ತಿದ್ದರಂತೆ. ಕೋಲು ಸೇರಿ ಮೂರು ಕಾಲು, ಮತ್ತು ಪೂರ್ತಿ ಮನುಷ್ಯನಲ್ಲ, ಮುಕ್ಕಾಲು. ಕನ್ನಡದಲ್ಲಿ ಆ ಒಂದು ಮಾತು ಎರಡೂ ಕಡೆ ಚುಚ್ಚುತ್ತದೆ. ಗಾಡಿ ಬಂದ ದಿನ ಅವನೇ ಅದಕ್ಕೆ ಆ ಹೆಸರಿಟ್ಟನಂತೆ. ಆಮೇಲೆ ಹುಡುಗರು ‘ಮುಕ್ಕಾಲು’ ಅಂದರೆ ಗಾಡಿಗೆ ಅಂದಂತಾಯಿತು, ಹತ್ತಿಸಿಕೊಂಡು ಹೋಗು ಎಂದು ಹಿಂದೆ ಓಡಿ ಬರುತ್ತಿದ್ದರಂತೆ.

ಇಂಥ ಕಥೆ ಹುಬ್ಬಳ್ಳಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನಲ್ಲಿ ಬರ್ಟ್ ಗ್ರೀವ್ಸ್ ಎಂಬಾತ ಕಾಲಿಲ್ಲದಂತಾಗಿದ್ದ ತನ್ನ ದಾಯಾದಿ ಡೆರಿ ಪ್ರೆಸ್ಟನ್-ಕಾಬ್‌ನ ಕುರ್ಚಿಗೆ ಇಂಜಿನ್ ಕೂಡಿಸಿದ. ಅದರಿಂದಲೇ ಇಬ್ಬರೂ ಸೇರಿ ಇನ್ವಾಕಾರ್ ಎಂಬ ಕಂಪನಿ ತೆರೆದರು. ಮುಂದೆ ಅಲ್ಲಿನ ಸರಕಾರವೇ ಅಂಗವಿಕಲರಿಗೆ ತಿಳಿನೀಲಿ ಬಣ್ಣದ ಮೂರು ಗಾಲಿಯ ಗಾಡಿಗಳನ್ನು ಕೊಡುತ್ತಿತ್ತು. 2003ರಲ್ಲಿ ಅವು ರಸ್ತೆಯಿಂದ ಹೊರಬಿದ್ದವು. ಚೆಕೊಸ್ಲೊವಾಕಿಯಾದಲ್ಲಿ ಸ್ಟ್ರಾನ್ಸ್ಕಿ ಸಹೋದರರು ಎರಡನೇ ಮಹಾಯುದ್ಧದ ನಡುವೆ ಪೈಪಿನ ಚೌಕಟ್ಟಿನ ಮೇಲೆ ರೆಕ್ಸಿನ್‌ನಂಥ ಬಟ್ಟೆ ಹೊದಿಸಿ ಕಟ್ಟಿದ ಗಾಡಿಯೇ ಮುಂದೆ ವೆಲೊರೆಕ್ಸ್ ಆಯಿತು. 1971ರವರೆಗೆ ತಯಾರಾದ ಅದೂ ಬಹುಪಾಲು ಸೇರಿದ್ದು ಅಂಗವಿಕಲರಿಗೆ. ಅದರ ಇಂಜಿನ್ ಜಾವಾ. 1961ರಿಂದ ನಮ್ಮ ಮೈಸೂರಿನಲ್ಲಿ ತಯಾರಾದ ಮೋಟಾರ್ ಸೈಕಲಿನ ಅದೇ ಜಾವಾ! ನಮ್ಮ ದೇಶದ 1939ರ ಮೋಟಾರು ಕಾಯಿದೆಯಲ್ಲೂ 1988ರದರಲ್ಲೂ ಅಂಗವಿಕಲರ ಗಾಡಿಗೆಂದೇ ಬೇರೆ ವರ್ಗವಿತ್ತು. ಕಾಯಿದೆ ಇತ್ತು, ಅಂಗಡಿಯಲ್ಲಿ ಗಾಡಿ ಇರಲಿಲ್ಲ. ಆದ್ದರಿಂದ ಗ್ಯಾರೇಜುಗಳಲ್ಲಿ, ಹಿತ್ತಲುಗಳಲ್ಲಿ ಇವು ಹುಟ್ಟಿದವು. ಕಾರ್ಖಾನೆಯ ಪಟ್ಟಿಯಲ್ಲಿಲ್ಲ, ಪುಸ್ತಕದಲ್ಲಿಲ್ಲ. ಮೊಬೈಲಿಗೆ ಗೊತ್ತಾಗುವುದಾದರೂ ಹೇಗೆ?

ನಿಮ್ಮ ಮನೆಯಲ್ಲೂ ಇಂಥ ಫೋಟೋ ಇದ್ದರೆ ಮೊದಲು ಅಂಚುಗಳನ್ನು ನೋಡಿ, ನಡುವಿನದನ್ನು ಆಮೇಲೆ ನೋಡಿದರಾಯಿತು. ಮೊಬೈಲಿನಲ್ಲಿ ತೆಗೆಯುವಾಗ ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೋದ ಮುದ್ರೆ ಇದ್ದರೆ ಊರು ಸಿಕ್ಕೀತು. ಅಜ್ಜ-ಅಜ್ಜಿಯರನ್ನು ‘ಯಾವ ಇಸವಿ’ ಎಂದು ಕೇಳಬೇಡಿ. ಯಾರ ಮದುವೆ, ಯಾರ ಬಾಣಂತನ, ಪಾನಶೇತ್ ಮೊದಲೋ ಆಮೇಲೋ ಎಂದು ಕೇಳಿ. ಕನ್ನಡದಲ್ಲೇ ಕೇಳಿ, ತಪ್ಪುತಪ್ಪಾಗಿಯಾದರೂ ಸರಿ. ಇಂಗ್ಲಿಷಿನಲ್ಲಿ ಕೇಳಿದ್ದರೆ ‘ಮುಕ್ಕಾಲು’ ಎಂಬ ಮಾತು ಅವರ ಬಾಯಿಗೆ ಬರುತ್ತಲೇ ಇರಲಿಲ್ಲ.

ಗಾಡಿ ಆರೇಳು ವರ್ಷ ಓಡಿತಂತೆ. ಆಮೇಲೆ ಅಣ್ಣನಿಗೆ ಆಫೀಸಿನ ಹತ್ತಿರವೇ ಮನೆ ಸಿಕ್ಕಿತು. ತಗಡು ಗುಜರಿಗೆ ಹೋಯಿತು, ಇಂಜಿನ್ನನ್ನು ಯಾರೋ ರೈತರು ಒಯ್ದರು. ಕಟ್ಟಿದ ಗೆಳೆಯರಿಬ್ಬರಲ್ಲಿ ಒಬ್ಬರ ಹೆಸರು ಅಜ್ಜಿಗೆ ನೆನಪಿದೆ. ಇನ್ನೊಬ್ಬರು ಯಾರೆಂದು ಹುಡುಗ ಹುಬ್ಬಳ್ಳಿಯ ನೆಂಟರಿಗೆಲ್ಲ ಫೋನು ಮಾಡಿ ಕೇಳುತ್ತಿದ್ದಾನೆ. ಅವರು ತಮಿಳರೋ ತೆಲುಗರೋ, ರೊಟ್ಟಿ-ಎಣ್ಣೆಗಾಯಿ ಎಂದರೆ ಪ್ರಾಣ ಬಿಡುತ್ತಿದ್ದರು ಎಂಬಷ್ಟು ಈಗ ಗೊತ್ತಾಗಿದೆ.