ಗೊದಮೊಟ್ಟೆಯ ಬಾಲ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಗೊದಮೊಟ್ಟೆಯು ಕಪ್ಪೆಯಾಗುವಾಗ ಅದರ ಬಾಲವು ಕಳಚಿ ಬೀಳುವುದೇ?

ಉತ್ತರ: ಬೀಳುವುದಿಲ್ಲ; ಹಲ್ಲಿಯು ಭಯದಿಂದ ಬಾಲವನ್ನು ಕಳಚಿ ಓಡುವುದುಂಟು, ಗೊದಮೊಟ್ಟೆಯಾದರೋ ತನ್ನ ಬಾಲವನ್ನು ಒಳಗಿಂದೊಳಗೇ ಜೀರ್ಣಿಸಿಕೊಳ್ಳುತ್ತದೆ. ಥೈರಾಯ್ಡ್ ಗ್ರಂಥಿಯಿಂದ ಸ್ರವಿಸಿದ ಹಾರ್ಮೋನು ರಕ್ತದೊಡನೆ ದೇಹದಲ್ಲೆಲ್ಲ ಸಂಚರಿಸಿ, ಕಾಲಿನ ಜೀವಕೋಶಗಳಿಗೆ ವೃದ್ಧಿಹೊಂದುವಂತೆಯೂ ಬಾಲದ ಜೀವಕೋಶಗಳಿಗೆ ಮರಣಹೊಂದುವಂತೆಯೂ ಏಕಕಾಲದಲ್ಲಿ ಆಜ್ಞೆಯೀಯುವುದೆಂಬುದೇ ನನಗಂತೂ ಈ ಸಂಗತಿಯಲ್ಲೆಲ್ಲ ಅತ್ಯಂತ ವಿಸ್ಮಯಕರವಾಗಿ ತೋರುತ್ತದೆ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿಯು ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯ ತುಣುಕುಗಳನ್ನು ತಿನ್ನಿಸಿದಾಗ ಅವು ಅಕಾಲದಲ್ಲಿಯೇ ಕುಬ್ಜ ಕಪ್ಪೆಗಳಾಗಿ ಮಾರ್ಪಟ್ಟವು. ಕತ್ತರಿಸಿ ಗಾಜಿನ ಪಾತ್ರೆಯಲ್ಲಿರಿಸಿದ ಬಾಲದ ತುದಿಯೂ ಆ ಹಾರ್ಮೋನಿನ ಸಂಪರ್ಕದಿಂದ ಕುಗ್ಗುವುದೆಂದು ಅನಂತರದ ಪ್ರಯೋಗಗಳು ತೋರಿಸಿದವು.

ಹೀಗೆ ಸಾಯುವ ಕೋಶವು, ಗಾಯಗೊಂಡ ಕೋಶದಂತೆ ಊದಿ ಒಡೆದು ನೆರೆಯನ್ನು ಕೆಡಿಸದೆ, ತನ್ನ ಡಿಎನ್‌ಎಯನ್ನು ತುಂಡರಿಸಿಕೊಂಡು, ಕುಗ್ಗಿ, ಪೊರೆಯಿಂದಾವೃತವಾದ ಸಣ್ಣ ಸಣ್ಣ ಗಂಟುಗಳಾಗಿ ಒಡೆಯುತ್ತದೆ; ಭಕ್ಷಕ ಕೋಶಗಳು ಅವನ್ನು ನುಂಗಿ, ಲೈಸೋಸೋಮುಗಳೆಂಬ ಚೀಲಗಳೊಳಗಣ ಕಿಣ್ವಗಳಿಂದ ಪ್ರೋಟೀನುಗಳನ್ನು ಅಮೈನೋ ಆಮ್ಲಗಳಾಗಿ ಬಿಡಿಸಿ ಶರೀರಕ್ಕೆ ಮರಳಿಸುತ್ತವೆ. ಈ ಮರಣವಿಧಾನಕ್ಕೆ ಅಪೊಪ್ಟೋಸಿಸ್ ಎಂಬ ಹೆಸರನ್ನು 1972ರಲ್ಲಿ ಕೆರ್, ವಿಲ್ಲಿ, ಕರಿ ಎಂಬ ಮೂವರು ಇಟ್ಟರು. ಬಾಯಿ ಅಗಲವಾಗಿ, ಸಸ್ಯಾಹಾರಕ್ಕೊಪ್ಪುವ ನೀಳವಾದ ಕರುಳು ಮೋಟಾಗುವ ಆ ದಿನಗಳಲ್ಲಿ ಮರಿಯು ಬಹುಮಟ್ಟಿಗೆ ಉಪವಾಸವಿರುವುದರಿಂದ, ಕರಗಿದ ಬಾಲವೇ ಅದಕ್ಕೆ ಬುತ್ತಿ.

ಅಂದಹಾಗೆ, ಗರ್ಭಸ್ಥ ಶಿಶುವಿನ ಬೆರಳುಗಳ ನಡುವಣ ಚರ್ಮವೂ ಇದೇ ವಿಧದಿಂದ ಲುಪ್ತವಾಗುತ್ತದೆ. ಬಾತುಕೋಳಿಯ ಪಾದದಲ್ಲಿ ಆ ಕೋಶಗಳಲ್ಲಿ ಬಹುಪಾಲು ಸಾಯದೆ ಉಳಿದುಕೊಳ್ಳುತ್ತವೆ.