ತಕರಾರಿಗೆ ತೀರ್ಪುಗಾರರ ಉತ್ತರ

ಅಳವಂಡಿಯಂಥ ಹೋಬಳಿ ಊರಿನ ಶಾಲಾ ಕ್ರೀಡಾಕೂಟವನ್ನು ನೀವು ನೋಡಿದ್ದರೆ ಈ ಮಾತು ನಿಮಗೆ ಪರಿಚಿತವಿರಬೇಕು: "ಏನ್ರೀ ಸರ, ಅದು ಹೆಂಗ ಔಟ್ ಆಗ್ತೈತ್ರೀ?" ಕೇಳಿದವರು ಒಂದು ಶಾಲೆಯ ದೈಹಿಕ ಶಿಕ್ಷಕರು. ಸೀಟಿ ಹಿಡಿದು ನಿಂತವರು ಇನ್ನೊಂದು ಶಾಲೆಯ ದೈಹಿಕ ಶಿಕ್ಷಕರು. ಮುಂದಿನ ಪಂದ್ಯಕ್ಕೆ ಸೀಟಿ ಇವರ ಕೈಯಿಂದ ಅವರ ಕೈಗೆ ಹೋದರೂ ಹೋದೀತು. ಸೋತ ತಂಡಕ್ಕೆ ತಾಲ್ಲೂಕು ಮಟ್ಟದ ಆಟವಿಲ್ಲ, ಮಕ್ಕಳು ಅಂದೇ ಮನೆಯ ಹಾದಿ ಹಿಡಿಯುತ್ತಾರೆ. ಹೀಗಿರುವಾಗ ತಕರಾರು ಏಳುವುದು ಸಹಜ. ಅದಕ್ಕೆ ತೀರ್ಪುಗಾರರು ಹೇಗೆ ಉತ್ತರ ಕೊಡಬೇಕು?

ನಮ್ಮ ಕಡೆಯ ಹಳ್ಳಿಗಳಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್‌ಗಳೇ ಹೆಚ್ಚು. ಆದರೂ ಈ ಪ್ರಶ್ನೆಗೆ ಬ್ಯಾಸ್ಕೆಟ್‌ಬಾಲ್ ಆಟವನ್ನು ನೋಡುವುದು ಒಳ್ಳೆಯದು. ವಾಲಿಬಾಲ್‌ನಲ್ಲಿ ತೀರ್ಪಿನ ವಿವರಣೆ ಕೇಳುವ ಹಕ್ಕು ಅಂಕಣದೊಳಗಿನ ನಾಯಕನಿಗೆ ಮಾತ್ರ ಇದೆ. ಬ್ಯಾಸ್ಕೆಟ್‌ಬಾಲ್‌ನಲ್ಲಾದರೋ ತರಬೇತುದಾರರು ಇಡೀ ಪಂದ್ಯ ಗೆರೆಯ ಪಕ್ಕದಲ್ಲೇ ನಿಂತಿರುತ್ತಾರೆ, ತೀರ್ಪುಗಾರರು ಅವರ ಮುಂದೆಯೇ ಹತ್ತಾರು ಸಲ ಓಡಿ ಹೋಗುತ್ತಾರೆ. ಮಾತು ಬಾರದೆ ಇರುತ್ತದೆಯೇ?

ಆಟ ಹುಟ್ಟಿದಾಗ ಹೀಗಿರಲಿಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಅಂಪೈರ್ ಇದ್ದರು, ರೆಫರಿ ಇದ್ದರು, ತರಬೇತುದಾರರ ಸುಳಿವೇ ಇರಲಿಲ್ಲ. ಅಲ್ಲಿ ವಿರಾಮದ ಹೊತ್ತಿನಲ್ಲಿ ತರಬೇತುದಾರರು ತಮ್ಮ ಆಟಗಾರರೊಡನೆ ಮಾತನಾಡಲು ಅನುಮತಿ ಸಿಕ್ಕಿದ್ದು 1940ರ ದಶಕದ ಕೊನೆಯಲ್ಲಿ. ಇಂದಿನ ಅಂತರರಾಷ್ಟ್ರೀಯ ನಿಯಮದಲ್ಲಿ ಮುಖ್ಯ ತರಬೇತುದಾರರು ತೀರ್ಪುಗಾರರೊಡನೆ ಗೌರವದಿಂದ ಮಾತನಾಡಬಹುದು. ಸಹಾಯಕ ತರಬೇತುದಾರರು ಮಾತನಾಡುವಂತಿಲ್ಲ. ನಾಯಕ ಕೇಳಬಹುದು, ಆದರೆ ಚೆಂಡು ನಿಂತು ಗಡಿಯಾರವೂ ನಿಂತಿರುವಾಗ ಮಾತ್ರ.

ಈಗ ಒಂದು ಸನ್ನಿವೇಶ ನೋಡೋಣ. ನಿಮ್ಮ ಹುಡುಗ ಚೆಂಡನ್ನು ಪುಟಿಸುತ್ತಾ ಬುಟ್ಟಿಯತ್ತ ನುಗ್ಗಿದ, ಎದುರಾಳಿಗೆ ಡಿಕ್ಕಿಯಾಯಿತು, ಇಬ್ಬರೂ ಬಿದ್ದರು. ಸೀಟಿ ಊದಿತು. ಫೌಲ್ ನಿಮ್ಮ ಹುಡುಗನ ಮೇಲೆ! ನೀವು ಕೂಗುತ್ತೀರಿ. ನೀವು ನೋಡಿದ್ದು ಸುಳ್ಳಲ್ಲ, ಆದರೆ ನೀವು ನೋಡಿದ್ದು ಚೆಂಡನ್ನು. ಪ್ರೇಕ್ಷಕರೂ ಅದನ್ನೇ ನೋಡುತ್ತಾರೆ. ತೀರ್ಪುಗಾರರಿಗೆ ಕಲಿಸಿರುವುದು ತಡೆಯುವವನನ್ನು ನೋಡಲು: ಅವನು ಡಿಕ್ಕಿಗೆ ಮೊದಲೇ ಎರಡೂ ಕಾಲೂರಿ ಎದುರಾಗಿ ನಿಂತಿದ್ದನೇ? ಪಕ್ಕಕ್ಕೆ ಸರಿದು ಅಡ್ಡ ಬಂದನೇ? ಎದೆಗೆ ತಾಗಿತೇ, ಭುಜಕ್ಕೆ ತಾಗಿತೇ? ಬೆಂಚಿನಿಂದ ಈ ಕೋನ ಕಾಣುವುದು ಕಷ್ಟ. ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಪಕ್ಷಪಾತದ ಮಾತು ಆಮೇಲೆ ಸೇರಿಕೊಳ್ಳುತ್ತದೆ.

ಅನುಭವಿ ತೀರ್ಪುಗಾರರು ಮೊದಲು ಮಾಡುವ ಕೆಲಸ, ಕಿವಿಗೆ ಬಿದ್ದದ್ದು ಪ್ರಶ್ನೆಯೋ, ಗೊಣಗಾಟವೋ, ಬೈಗುಳವೋ ಎಂದು ಬೇರ್ಪಡಿಸುವುದು. "ಸರ, ಅವ ಸರಿದು ಬಂದಿದ್ದಿಲ್ಲೇನ್ರಿ?" ಎಂಬುದು ಪ್ರಶ್ನೆ. ಇದಕ್ಕೆ ಉತ್ತರ ಸಲ್ಲಬೇಕು, ಚೆಂಡು ನಿಂತಾಗ, ಒಂದೇ ವಾಕ್ಯದಲ್ಲಿ: "ಇಲ್ರಿ ಸರ, ಅವ ಮೊದಲs ನಿಂತಿದ್ದ, ಎದಿಗೆ ಬಡೀತು." "ಏನ್ ಆಟ ಆಡಸ್ತೀರೋ ಏನೋ" ಎಂಬುದು ಗೊಣಗಾಟ. ಇದಕ್ಕೆ ಉತ್ತರವೇ ಬೇಡ, ಕೇಳಿಸಿದರೂ ಓಡುತ್ತಿರಬೇಕು. "ಎಷ್ಟು ರೊಕ್ಕಾ ತಗೊಂಡೀರಿ?" ಎಂದರೆ ಅದು ಬೇರೆ. ಅಲ್ಲಿ ಎಚ್ಚರಿಕೆ ಕೊಟ್ಟೇ ಶಿಕ್ಷಿಸಬೇಕೆಂಬ ಕಟ್ಟುಪಾಡಿಲ್ಲ.

ಉತ್ತರ ಕೊಡುವ ಬಗೆಯಲ್ಲೂ ಜಾಣತನ ಬೇಕು. ಎದುರಿಗೆ ನಿಂತು ಮಾತನಾಡಿದರೆ ಜಗಳದಂತೆ ಕಾಣುತ್ತದೆ, ಪಕ್ಕದಲ್ಲಿ ನಿಂತು ಇಬ್ಬರೂ ಅಂಕಣದತ್ತ ಮುಖ ಮಾಡಿದರೆ ಮಾತುಕತೆಯಾಗುತ್ತದೆ. ಅವರು ದನಿ ಏರಿಸಿದಷ್ಟು ಇವರು ಇಳಿಸಬೇಕು. ಬೆರಳು ತೋರಿಸಬಾರದು, ಮೈ ಮುಟ್ಟಬಾರದು. ಇನ್ನು "ಅವರಿಗೆ ಒಂದು ಫೌಲ್, ನಮಗೆ ಐದು" ಎಂಬ ಲೆಕ್ಕದ ತಕರಾರಿಗೆ ಮಣಿಯಬಾರದು. ಒಂದು ತಂಡ ಮೈಮೇಲೆ ಬಿದ್ದು ತಡೆಯುತ್ತಿದ್ದು ಇನ್ನೊಂದು ದೂರ ನಿಂತು ಆಡುತ್ತಿದ್ದರೆ ಲೆಕ್ಕ ಸಮನಾಗುವುದಾದರೂ ಹೇಗೆ?

ತಪ್ಪೇ ಆಗಿದ್ದರೆ? ಆಗುತ್ತದೆ. "ಅದು ನನಗ ತಪ್ಪಿತ್ರಿ ಸರ" ಎಂದು ಒಪ್ಪಿದರೆ ಎಷ್ಟೋ ತರಬೇತುದಾರರು ತಣ್ಣಗಾಗುತ್ತಾರೆ. ಒಂದು ಪಂದ್ಯದಲ್ಲಿ ಒಂದು ಸಲ ಈ ಮಾತು ನಡೆದೀತು, ನಾಲ್ಕು ಸಲ ಹೇಳಿದರೆ ಸೀಟಿಗೆ ಬೆಲೆ ಇರುವುದಿಲ್ಲ. ಆದರೆ ಮಾಡಲೇಬಾರದ ಕೆಲಸವೊಂದಿದೆ: ಹಿಂದಿನ ತಪ್ಪನ್ನು ಸರಿದೂಗಿಸಲು ಮುಂದೆ ಎದುರು ತಂಡದ ಮೇಲೆ ಇಲ್ಲದ ಫೌಲ್ ಊದುವುದು. ಆಗ ಒಂದಿದ್ದ ತಪ್ಪು ಎರಡಾಗುತ್ತದೆ, ಎರಡನೆಯದು ತಿಳಿದೂ ಮಾಡಿದ್ದು. ಕೂಗಿದರೆ ಫಲ ಸಿಗುತ್ತದೆಂದು ಎರಡೂ ಬೆಂಚುಗಳು ಕಲಿತುಬಿಡುತ್ತವೆ. ತಕರಾರನ್ನು ನಿಭಾಯಿಸುವುದೆಂದರೆ, ತರಬೇತುದಾರರನ್ನು ಒಪ್ಪಿಸುವುದಕ್ಕಿಂತ ಹೆಚ್ಚಾಗಿ, ಮುಂದಿನ ಸೀಟಿಗೆ ಆ ಕೂಗು ತಾಗದಂತೆ ಕಾಯುವುದು.

ಮಾತಿಗೆ ಬಗ್ಗದಿದ್ದಾಗ ತಾಂತ್ರಿಕ ಫೌಲ್ ಇದೆ. ಎರಡು ಅಂಗೈಗಳಿಂದ ಇಂಗ್ಲಿಷಿನ 'ಟಿ' ಅಕ್ಷರ ತೋರಿಸಿ, ಮುಖ ತಿರುಗಿಸಿ ಮೇಜಿನತ್ತ ನಡೆಯಬೇಕು. ವಿವರಿಸಲು ಜೊತೆಯ ತೀರ್ಪುಗಾರರು ಹೋದರೆ ಒಳ್ಳೆಯದು. ಎದುರಾಳಿಗೆ ಒಂದು ಫ್ರೀ ಥ್ರೋ ಸಿಗುತ್ತದೆ. ತರಬೇತುದಾರರ ಸ್ವಂತ ನಡತೆಗೆ ಇಂಥವು ಎರಡಾದರೆ, ಇಲ್ಲವೇ ಬೆಂಚಿನವರ ನಡತೆಯದ್ದೂ ಸೇರಿ ಮೂರಾದರೆ, ಅವರು ಹೊರಗೆ. ಉಡುಪು ಬದಲಿಸುವ ಕೋಣೆಗೆ ಹೋಗಬೇಕು ಅಥವಾ ಕಟ್ಟಡ ಬಿಡಬೇಕು ಎನ್ನುತ್ತದೆ ನಿಯಮ. ನಮ್ಮ ಬಯಲಿನಲ್ಲಿ ಕೋಣೆ ಎಲ್ಲಿಂದ ಬರಬೇಕು? ಆದರೂ ಬೇವಿನ ಮರದ ಕೆಳಗೆ ಕೂತು ಅಲ್ಲಿಂದ ಕೂಗುವುದು ನಡೆಯದು.

ಒಂದು ಫ್ರೀ ಥ್ರೋ ತಾನೇ ಎನ್ನಬೇಡಿ. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು ಸೋಲಿಸಿದ್ದು 75-73 ಅಂಕಗಳಿಂದ. ಅಂಥ ಪಂದ್ಯದಲ್ಲಿ ತರಬೇತುದಾರರ ಸಿಟ್ಟಿನಿಂದ ಹೋದ ಒಂದು ಅಂಕವನ್ನು ಹುಡುಗಿಯರು ಮತ್ತೆ ಬೆವರಿಳಿಸಿ ಗಳಿಸಬೇಕಾಗುತ್ತದೆ.

ದೊಡ್ಡ ಪಂದ್ಯಗಳಲ್ಲಿ ಈಗ ಇನ್ನೊಂದು ದಾರಿಯಿದೆ. ವಿಡಿಯೊ ವ್ಯವಸ್ಥೆ ಇದ್ದಲ್ಲಿ ಮುಖ್ಯ ತರಬೇತುದಾರರು ಒಂದು ತೀರ್ಪನ್ನು ಮರುಪರಿಶೀಲಿಸಿ ಎಂದು ಕೇಳಬಹುದು. 2022ರಲ್ಲಿ ಅಂತರರಾಷ್ಟ್ರೀಯ ನಿಯಮಕ್ಕೆ ಇದು ಸೇರಿತು. ಶಾಲೆಯ ಬಯಲಿನಲ್ಲಿ ಕ್ಯಾಮೆರಾ ಎಲ್ಲಿದೆ? ಯಾರದೋ ಮೊಬೈಲ್‌ನಲ್ಲಿ ಹಿಡಿದ ಚಿತ್ರ ತೋರಿಸಿದರೂ ತೀರ್ಪುಗಾರರು ಅದನ್ನು ನೋಡಿ ತೀರ್ಪು ಬದಲಿಸುವಂತಿಲ್ಲ.

ಪಂದ್ಯ ಮುಗಿದ ಮೇಲೆ ಲಿಖಿತ ಪ್ರತಿಭಟನೆಗೆ ಅವಕಾಶವಿದೆ. ಅಂಕ ಬರೆಯುವುದರಲ್ಲಿ, ಗಡಿಯಾರದಲ್ಲಿ ಸರಿಪಡಿಸದೆ ಉಳಿದ ತಪ್ಪಿನಂಥ ವಿಷಯಗಳಿಗೆ ಮಾತ್ರ. ಡಿಕ್ಕಿಯಲ್ಲಿ ಫೌಲ್ ಯಾರದು ಎಂಬುದು ಇದರಲ್ಲಿ ಬರುವುದಿಲ್ಲ. ಆಟ ಮುಗಿದ 15 ನಿಮಿಷದೊಳಗೆ ತಿಳಿಸಿ ಸ್ಕೋರ್ ಶೀಟಿನಲ್ಲಿ ಸಹಿ ಹಾಕಬೇಕು. ಆ ಸಹಿ ತರಬೇತುದಾರರದಲ್ಲ, ನಾಯಕನದು. ಪಂದ್ಯವಿಡೀ ಕೂಗಿದವರು ಗುರುಗಳು, ಕೊನೆಗೆ ಪೆನ್ನು ಹಿಡಿಯುವುದು ಎಂಟನೆಯ ತರಗತಿಯ ಹುಡುಗ.